ಚಿನ್ನಿಯ ನೋವಿಗೆ ಅಳತೆಯ ಔಷಧಿ

“ಬೆಕ್ಕಿಗೆ ಮನುಷ್ಯರ ಮಾತ್ರೆ ಕೊಟ್ಟಿದ್ದೀರಾ? ಸ್ವಲ್ಪಾನೂ ಯೋಚನೆ ಬೇಡ್ವೇನ್ರೀ?”

ಶಿವಮೊಗ್ಗದ ಪುಟ್ಟ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಸಮತಾ ರೇಗಿದಾಗ ಮುರಳಿ ತಲೆ ತಗ್ಗಿಸಿ ನಿಂತಿದ್ದ. ೨೦೦೬ರ ಜನವರಿ. ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಲೇತ್ ಕೆಲಸ ಅವನದು. ಗ್ರೀಸ್ ಮೆತ್ತಿದ ಅಂಗಿಯಲ್ಲೇ ಭದ್ರಾವತಿಯ ಮನೆಯಿಂದ ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸ್ಸು ಹತ್ತಿ ಬಂದಿದ್ದ. ಹನ್ನೊಂದು ವರ್ಷದ ಚಿನ್ನಿ ವಾಂತಿ ಮಾಡಿಕೊಂಡು ಸುಸ್ತಾಗಿ ಮಲಗಿತ್ತು.

“ಕುಂಟ್ತಾ ಇತ್ತು ಮೇಡಂ. ಮಂಡಿನೋವಿನ ಮಾತ್ರೆ... ಅರ್ಧರ್ಧ, ಮೂರು ದಿನ.”

“ನಮಗೆ ಅದು ಅರ್ಧ ಮಾತ್ರೆ. ಇದಕ್ಕೆ ಹೊಟ್ಟೆ, ಕಿಡ್ನಿ ಎರಡೂ ಹಾಳಾಗೋವಷ್ಟು ವಿಷ!”

ಅವನ ಕಣ್ಣು ತುಂಬಿದ್ದು ಕಂಡು ಅವಳ ದನಿ ಇಳಿಯಿತು. “ಇಲ್ಲೇ ಬಿಟ್ಟುಹೋಗಿ. ಉಳಿಸೋಕೆ ನೋಡ್ತೀನಿ.”

ನಾಲ್ಕು ದಿನ ಡ್ರಿಪ್. ನಾಲ್ಕು ಸಂಜೆಯೂ ಅವನು ಬಂದ. ಐದನೆಯ ಸಂಜೆ ಚಿನ್ನಿ ಅವನ ಬೆರಳಿನಿಂದ ಮೀನಿನ ಚೂರು ನೆಕ್ಕಿದಾಗ ಇಬ್ಬರೂ ಒಟ್ಟಿಗೇ ನಕ್ಕರು. ನಗು ಮುಗಿದರೂ ನೋಟ ಮುಗಿಯಲಿಲ್ಲ. ಮೊದಲು ಕಣ್ಣು ತಗ್ಗಿಸಿದವಳು ಸಮತಾ.

ಎರಡು ತಿಂಗಳ ಮೇಲೆ ರಕ್ತಪರೀಕ್ಷೆ ಸರಿಯಿತ್ತು. ಕುಂಟು ಮಾತ್ರ ಹೋಗಿರಲಿಲ್ಲ. ಸಮತಾ ಬೆಕ್ಕಿಗೆಂದೇ ಇರುವ ನೋವಿನ ಔಷಧಿಯ ಸಣ್ಣ ಬಾಟಲಿ, ಸಿರಿಂಜು ಕೊಟ್ಟಳು.

“ತೂಕ ನೋಡಿ ಗುರುತು ಹಾಕಿದ್ದೀನಿ. ಈ ಗೀಟು ದಾಟಬಾರದು. ದಿನಕ್ಕೆ ಒಂದೇ ಸಲ, ಊಟ ಹಾಕಿದ ಮೇಲೆ. ಬೇರೆ ಯಾವ ಮಾತ್ರೆನೂ ಬೇಡ. ಕುಡಿಯೋ ನೀರು ಯಾವಾಗಲೂ ಇರಲಿ. ಊಟ ಬಿಟ್ಟರೆ, ವಾಂತಿ ಮಾಡಿದರೆ ಔಷಧಿ ನಿಲ್ಲಿಸಿ ತಕ್ಷಣ ಫೋನ್ ಮಾಡಿ.”

“ಏನೂ ಆಗದಿದ್ರೆ?”

ಅವಳು ಪೆನ್ನಿನ ಮುಚ್ಚಳ ಹಾಕುತ್ತಾ ನಗು ತಡೆದಳು. “ಆಗಲೂ ಮಾಡಿ.”

ಅವನು ದಿನಾ ಮಾಡಿದ.

“ಇವತ್ತು ಕಿಟಕಿ ಹತ್ತಿತು ಮೇಡಂ!”

“ಮೇಡಂ ಯಾಕೆ? ನನಗೊಂದು ಹೆಸರಿದೆಯಲ್ಲ.”

ಆ ಹೆಸರು ಹೇಳಲು ಅವನು ಮೂರು ಸಲ ಗಂಟಲು ಸರಿಮಾಡಿಕೊಂಡ.

ಮುಂದಿನ ಚೆಕಪ್ಪಿನ ದಿನ ಮುರಳಿಗೆ ಓವರ್‌ಟೈಮ್. ಚಿನ್ನಿಯನ್ನು ತಂದವರು ಅವನ ತಾಯಿ ಹಾಲಮ್ಮ.

“ಆವತ್ತಿನ ಮಾತ್ರೆ ನಾನೇ ಕೊಟ್ಟಿದ್ದು ಡಾಕ್ಟ್ರಮ್ಮ. ನನ್ನ ಮಂಡಿಗೆ ಆರಾಮಾಯ್ತಲ್ಲ, ಪಾಪ ಅದಕ್ಕೂ ಆಗ್ಲಿ ಅಂತ. ವಾಂತಿ ಶುರುವಾಗೋವರೆಗೂ ಮುರಳಿಗೆ ಗೊತ್ತೇ ಇರ್ಲಿಲ್ಲ.”

ಬರೆಯುತ್ತಿದ್ದ ಸಮತಾಳ ಕೈ ನಿಂತೇಹೋಯಿತು.

ಭಾನುವಾರ ಅವಳು ಭದ್ರಾವತಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದಳು. ಅವಳ ಫೋನ್ ಬಂದ ಕೂಡಲೇ ಹೊರಟಿದ್ದ ಮುರಳಿ ಓಡೋಡಿ ಬಂದ.

“ಚಿನ್ನಿ ಆರಾಮಾಗಿದೆಯಲ್ಲ, ಯಾಕೆ...”

“ಚಿನ್ನಿಗೋಸ್ಕರ ಬರಲಿಲ್ಲ. ಅಷ್ಟೊಂದು ಬೈದೆ. ನಾನಲ್ಲ ಅಂತ ಒಂದು ಮಾತು ಹೇಳಬಾರದಿತ್ತಾ?”

“ಅವ್ವ ಆಗಲೇ ಅನ್ನ ನೀರು ಬಿಟ್ಟು ಕೂತಿದ್ಲು. ಅವಳ ಮೇಲೆ ಹೇಳೋಕೆ ಮನಸ್ಸಾಗ್ಲಿಲ್ಲ.”

“ಮುರಳಿ, ನಿಮ್ಮಂಥವರ ಜೊತೆ ಬಾಳಬೇಕು ಅಂತ ಆಸೆ ನನಗೆ.”

ಅವನ ಕಿವಿ ಕೆಂಪಾಯಿತು. “ನಾನೂ ಎಷ್ಟು ದಿನದಿಂದ... ಆದ್ರೆ ನಾನು ಲೇತ್ ತಿರುಗಿಸೋನು. ನಿಮ್ಮನೇಲಿ?”

“ಅಪ್ಪನಿಗೆ ನಿನ್ನೆನೇ ಹೇಳಿದೆ. ಎರಡು ಗಂಟೆ ಅಂಗಳದಲ್ಲೇ ಅಡ್ಡಾಡಿದ್ರು. ಆಮೇಲೆ, ಹುಡುಗನ್ನ ಊಟಕ್ಕೆ ಕರಿ ಅಂದ್ರು.”

ಮುರಳಿ ಮನೆಯ ದಾರಿಯತ್ತ ತಿರುಗಿದ. “ನಡೀರಿ, ಅವ್ವನಿಗೆ ಹೇಳೋಣ!”

ಭದ್ರಾ ಸೇತುವೆಯ ಮೇಲೆ ಜನವೋ ಜನ. ನೂಕಾಟದಲ್ಲಿ ಅವನು ಅವಳ ಕೈ ಹಿಡಿದ. ಸೇತುವೆ ಮುಗಿಯಿತು, ಜನ ಚದುರಿದರು. ಅವಳು ಕೈ ಬಿಡಿಸಿಕೊಳ್ಳಲಿಲ್ಲ.