ಜೆಡ್ಡಾದಿಂದ ಬಂದ ಕಾಲ್

ಸವಿತಾಳಿಗೆ ಒಬ್ಬ ಸಾಕ್ಷಿಯೂ ಇರಲಿಲ್ಲ.

ನಿನ್ನೆ ಮಧ್ಯಾಹ್ನ ಮನೆಯೊಡತಿ ಮಸ್ತಾನಬಿ ಶಹಾಪುರದ ಬಜಾರಿಗೆ ಹೋಗಿ ಬರುವಷ್ಟರಲ್ಲಿ ಸಂದೂಕು ತೆರೆದಿತ್ತು. ಕೈಗೆ ಹಾಕುವ ನಾಲ್ಕು ಬಂಗಾರದ ಬಿಲ್ವಾರ ಇರಲಿಲ್ಲ. ಬೀಗ ಮುರಿದಿರಲಿಲ್ಲ — ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟ ಚಾವಿಯಿಂದಲೇ ತೆಗೆದಿದ್ದರು. ಆ ಜಾಗ ಗೊತ್ತಿದ್ದವರು ಇನ್ನಿಬ್ಬರೇ: ಮಹಡಿಯ ಖೋಲಿಯಲ್ಲಿ ಬಾಡಿಗೆಗಿದ್ದ ಸವಿತಾ, ಜೆಡ್ಡಾದಲ್ಲಿ ಕೆಲಸಕ್ಕಿದ್ದ ಮಗ ಏಜಾಜ.

ಪಿಎಸ್‌ಐ ಮಾನಮ್ಮ ಬಂದೋಬಸ್ತಿನ ಡ್ಯೂಟಿ ಮುಗಿಸಿ ನೇರವಾಗಿ ಬಂದಿದ್ದಳು. ನಿಲ್ಲಲಾಗದೆ ಸಂದೂಕಿನ ಮೇಲೆಯೇ ಕೂತಳು.

"ಮಧ್ಯಾಹ್ನ ಎಲ್ಲಿದ್ದಿಯವಾ?"

"ಮ್ಯಾಲ ಮಲಗಿದ್ನಿರಿ," ಎಂದಳು ಸವಿತಾ.

"ನೋಡಿದವರು?"

"ಮಲಗಿದ್ದನ್ನ ಯಾರ ನೋಡ್ತಾರ್ರಿ?"

ಸೋಮವಾರ ಅವಳು ಅಂಗನವಾಡಿ ಸಹಾಯಕಿಯಾಗಿ ಹಾಜರಾಗಬೇಕಿತ್ತು. ಕೇಸು ಬಿದ್ದರೆ ಆ ಕೆಲಸ ಇಲ್ಲ.

ಹೆಡ್ ಕಾನ್‌ಸ್ಟೇಬಲ್ ಹಂಪಣ್ಣ ಆಗಲೇ ತೀರ್ಮಾನಿಸಿದ್ದ. "ಮಗನ್ನ ಬಿಡ್ರಿ ಮೇಡಂ. ಜೆಡ್ಡಾ ನಾಲ್ಕು ಸಾವಿರ ಕಿಲೋಮೀಟರ್. ಹೈದರಾಬಾದಿಗೆ ವಿಮಾನದಾಗ ಐದಾರು ತಾಸು, ಅಲ್ಲಿಂದ ಬಸ್ಸಿನ್ಯಾಗ ಮತ್ತ ಐದು. ಮಧ್ಯಾಹ್ನ ಇಲ್ಲಿ ಕದ್ದು ಸಂಜೀಗೆ ಜೆಡ್ಡಾದಿಂದ ಕಾಲ್ ಮಾಡಾಕ ಅಂವೇನು ದೆವ್ವ ಏನ್ರಿ?"

"ಸಂಜೀಗೆ ಕಾಲ್ ಮಾಡಿದ್ನಾ?"

"ಹೌದ್ರಿ, ವಿಡಿಯೋ ಕಾಲ್," ಎಂದಳು ಮಸ್ತಾನಬಿ. "ಮಸೂತಿಯಾಗ ಸಂಜೀ ಆಜಾನ್ ಆಗಿತ್ತು. ನಾನು ಅಳಕೋತ ಕುಂತಿದ್ದೆ. 'ಅಮ್ಮಿ, ಸವಿತಾನ್ನ ಕೇಳು' ಅಂದ. ಆಮ್ಯಾಲ 'ಮೊದಲ ಖಜೂರದ ಹಣ್ಣು ತಿನ್ನು, ರೋಜಾ ಬಿಡು, ದಿನವೆಲ್ಲಾ ಉಪಾಸ ಇದ್ದಿ' ಅಂದ. ತಾನೂ ಒಂದು ಬಾಯಾಗ ಇಟ್ಟುಕೊಂಡ, ನೀರು ಕುಡದ. ಅಷ್ಟು ದೂರ ಇದ್ರೂ ಇಬ್ರೂ ಕೂಡೇ ರೋಜಾ ಬಿಟ್ಟೇವಿ ನೋಡ್ರಿ."

"ದಿನಾ ಹಿಂಗ ಕೂಡೇ ಬಿಡ್ತೀರೇನು?"

"ಎಲ್ಲೀದ್ರಿ! ಮೊದಲನೇ ರೋಜಾದ ದಿನ ಅಂವ ಬಿಡೋ ಹೊತ್ತಿಗೆ ನಾನು ಹಾಸಿಗಿ ಹಾಸಿ—"

ಮುದುಕಿ ಅಲ್ಲಿಗೇ ನಿಲ್ಲಿಸಿದಳು.

ಮಾನಮ್ಮ ಕಣ್ಣುಜ್ಜಿಕೊಂಡಳು. "ಹಂಪಣ್ಣ, ಯಾದಗಿರಿ ಸ್ಟೇಷನ್ ರೋಡಿನ ಲಾಡ್ಜು ನೋಡಸ್ರಿ."

"ಯಾಕ್ರಿ?"

"ರೋಜಾ ಬಿಡೋದು ಸೂರ್ಯ ಮುಳುಗಿದ ಮ್ಯಾಲೆ. ಇಲ್ಲಿ ಮುಳುಗಿ ಎರಡೂವರಿ ತಾಸಿಗೆ ಜೆಡ್ಡಾದಾಗ ಮುಳುಗತದ. ನೀವು ವಿಮಾನದ ತಾಸು ಎಣಿಸಿದ್ರಿ, ಸೂರ್ಯಂದು ಬಿಟ್ರಿ. ಈಕಿ ಖಜೂರ ತಿಂದಾಗ ಅಲ್ಲಿ ಇನ್ನೂ ಬಿಸಿಲು."

"ಅಂವ ರೋಜಾ ಇರಲಿಕ್ಕಿಲ್ಲ. ಸುಮ್ನ ತಿಂದಿರಬೇಕು."

"ರೋಜಾ ಇಲ್ಲದಂವ ಇಲ್ಲಿ ಆಜಾನ್ ಆಗೋ ತನಕ ಕಾಯ್ತಾನೇನು? ಇಲ್ಲೇ ಎಲ್ಲೋ, ರೈಲಿನ ಹತ್ತಿರದ ಲಾಡ್ಜಿನ್ಯಾಗ, ದಿನವೆಲ್ಲಾ ಉಪಾಸ ಇದ್ದಾನ. ಬಾಯಾರಿತ್ತು, ಕುಡದ. ತಾಯಿಗೆ ಸುಳ್ಳು ಹೇಳ್ಯಾನ, ರೋಜಾ ಮಾತ್ರ ಖರೇನ ಹಿಡದಾನ. ಕದ್ದಂವ ಏಜಾಜ."

ಸವಿತಾ ಮೆಟ್ಟಿಲ ಮೇಲೆ ಕೂತಳು.

ಏಜಾಜ ಎರಡನೇ ಲಾಡ್ಜಿನಲ್ಲೇ ಸಿಕ್ಕ. ಕಳೆದ ವಾರ ಕೆಲಸದಿಂದ ತೆಗೆದು ಕಳಿಸಿದ್ದರು. "ಬರಿಗೈಲೆ ಹೆಂಗ ಮನಿಗೆ ಹೋಗ್ಲಿರಿ?" ಎಂದ. ಅವನ ಚೀಲದಲ್ಲಿ ಎರಡು ಬಿಲ್ವಾರ ಇದ್ದವು. ಉಳಿದವನ್ನು ಬೆಳಗ್ಗೆಯೇ ಸುರಪುರದಲ್ಲಿ ಮಾರಿದ್ದ, ಕರಗಿಸಿ ಆಗಿತ್ತು.

ಸವಿತಾ ಸೋಮವಾರ ಕೆಲಸಕ್ಕೆ ಹಾಜರಾದಳು. ಮಂಗಳವಾರ ಖೋಲಿ ಬಿಡಲು ಗಂಟು ಕಟ್ಟಿದಳು.

"ಇರವಾ," ಎಂದಳು ಮಸ್ತಾನಬಿ.

"ಪೊಲೀಸರ ಮುಂದ ನನ್ನ ಹೆಸರ ಹೇಳಿದವರು ನೀವ ಅಲ್ಲೇನ್ರಿ ಖಾಲಾ?"

ಮಸ್ತಾನಬಿಗೆ ಒಟ್ಟು ಹೋದದ್ದು ಎರಡು ಬಿಲ್ವಾರ, ಇಬ್ಬರು ಮನುಷ್ಯರು.