ಮೂರು ಊರಲ್ಲಿ ಕೊಟ್ಟ ಕ್ಷಮೆ

ವ್ಯಾನಿನ ಬಾಗಿಲು ಎಳೆದ ಸುಗುಣಾ ಅಲ್ಲೇ ನಿಂತುಬಿಟ್ಟಳು.

ಸ್ಟೀರಿಂಗ್ ಹಿಂದೆ ದೇವಪುತ್ರ ಕುಳಿತಿದ್ದ. ಆರು ತಿಂಗಳ ಹಿಂದೆ, ನಿಶ್ಚಯದ ಹಿಂದಿನ ದಿನ, 'ನನಗೆ ಮನಸ್ಸಿಲ್ಲ' ಎಂದು ಚರ್ಚಿನ ಹಿರಿಯರಿಗೆ ಹೇಳಿ ಕಳಿಸಿದ್ದ ಅದೇ ದೇವಪುತ್ರ.

"ನೀನ ಏನು ಡ್ರೈವರ್?"

"ಅಯ್ಯನೋರು ಹೇಳ್ಯಾರ. ಗಾಡಿ ಹೊಡಿಯಾಕ, ಹಾಡಿಗೆ ಪೇಟಿ ಬಾರಸಾಕ. ಎರಡೂ ಬರೂವ್ರು ಬ್ಯಾರೆ ಯಾರೂ ಸಿಗಲಿಲ್ಲಂತ."

"ನಿನ್ನ ಕಡೆ ಬಂದಾರ ಅಂದ್ರ... ಅಯ್ಯನೋರಿಗೂ ಗತಿ ಇಲ್ಲಂಗಾತು."

ಅವನು ಸ್ವಚ್ಛವಾಗಿಯೇ ಇದ್ದ ಕನ್ನಡಿಯನ್ನು ಒರೆಸತೊಡಗಿದ. ಹಿಂದಿನ ಸೀಟಿನಲ್ಲಿ ಬುತ್ತಿ ಗಂಟು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಎಸ್ತರವ್ವ, ಸುಗುಣಾಳ ಚಿಗವ್ವ, ಬಾಯಿ ಹಾಕಿದಳು. "ಹತ್ತಬೇ. ಸಿಟ್ಟು ಲಕ್ಷ್ಮೇಶ್ವರದಾಗ ಇಳಸಿದರಾತು."

ಸುಗುಣಾ ನರ್ಸ್. ಮಲಾವಿ ದೇಶದ ಒಂದು ಮಿಷನ್ ಆಸ್ಪತ್ರೆಗೆ ಎರಡು ವರ್ಷದ ಸೇವೆಗೆ ಹೊರಟವಳು. ಮೂರು ತಿಂಗಳಿಂದ ಸಿದ್ಧತೆ ನಡೆದಿತ್ತು. ಬೆಳಿಗ್ಗೆ ಬೈಬಲ್ ಪಾಠ, ಮಧ್ಯಾಹ್ನ ಅಲ್ಲಿನ ಭಾಷೆಯ ಹತ್ತು ಶಬ್ದ, ಮಲಗುವ ಮುನ್ನ ಆತ್ಮಿಕ ದಿನಚರಿ. 'ಇಂದು ನನ್ನ ಅಹಂಕಾರ ಇಳಿಯಿತು' ಎಂದು ಅವಳು ನಿತ್ಯವೂ ಬರೆಯುತ್ತಿದ್ದಳು, ರೋಗಿಯ ಜ್ವರ ಬರೆದಷ್ಟೇ ನೀಟಾಗಿ. ಓದಿದ ಅಯ್ಯನವರಿಗೆ, ಅಂದರೆ ಬೆಟಗೇರಿಯ ಪಾದ್ರಿಗಳಿಗೆ, ಬಹಳ ಸಂತೋಷ. ದಿನವೂ ಇಳಿಯಬೇಕಾದರೆ ಅದು ದಿನವೂ ಏರುತ್ತಿರಲೇಬೇಕು ಎಂಬುದು ಅವರಿಗೆ ಹೊಳೆದಿರಲಿಲ್ಲ.

ಕೊನೆಯ ಹಂತ ಸಾಕ್ಷಿ. ದೇವರು ತನ್ನ ಬದುಕಿನಲ್ಲಿ ಏನು ಮಾಡಿದನೆಂದು ಸಭೆಯ ಮುಂದೆ ನಿಂತು ಹೇಳುವುದು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಕೊನೆಗೆ ಬೆಟಗೇರಿ. ಬೆಟಗೇರಿಯ ಕೂಟಕ್ಕೆ, ಮಲಾವಿಗೆ ಕಳಿಸುವ ಸಮಿತಿಯವರೇ ಬರುತ್ತಾರೆ. ಅವರು ಒಪ್ಪಿದರೆ ವಿಮಾನ. ಇಲ್ಲದಿದ್ದರೆ ಮತ್ತೆ ಗದಗಿನ ವಾರ್ಡು.

ತೊಡಕು ಒಂದೇ. ಸುಗುಣಾ ಕುಡಿದವಳಲ್ಲ, ಕದ್ದವಳಲ್ಲ, ಚರ್ಚಿನ ಹಿಂದಿನ ಓಣಿಯಲ್ಲೇ ಹುಟ್ಟಿ ಬೆಳೆದವಳು. ದೇವರು ತನ್ನನ್ನು ಯಾವ ಕೆಸರಿನಿಂದ ಎತ್ತಿದನೆಂದು ಹೇಳಬೇಕು?

ಅವಳ ಬಳಿ ಇದ್ದ ಕೆಸರು ಒಂದೇ. ದೇವಪುತ್ರ.

ಲಕ್ಷ್ಮೇಶ್ವರದಲ್ಲಿ ಅವಳು ಹೇಳಿದಳು. "ಒಬ್ಬ ಮನುಷ್ಯ ನನ್ನ ಕೈಬಿಟ್ಟ. ಆ ನೋವಿನಲ್ಲೇ ದೇವರು ನನ್ನನ್ನು ಕರೆದ. ಇಂದು ನಾನು ಆ ಮನುಷ್ಯನನ್ನು ಕ್ಷಮಿಸಿದ್ದೇನೆ..."

ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಹಾರ್ಮೋನಿಯಂ ಮುಂದೆ ಕುಳಿತಿದ್ದ ಮನುಷ್ಯ ಮುಂದಿನ ಹಾಡನ್ನು ತಪ್ಪು ಶ್ರುತಿಯಲ್ಲಿ ಎತ್ತಿದ.

ವಾಪಸ್ ಬರುವಾಗ ಎಸ್ತರವ್ವ ಅಂದಳು. "ಕ್ಷಮಿಸೀನಿ ಅಂದಿ. ಅಂವಾ ನೀರಿನ ಬಾಟ್ಲಿ ಕೇಳಿದರ ಕೊಡಲಿಲ್ಲಲಾ?"

"ಅದು ಸಾಕ್ಷಿಯೊಳಗ ಬರೂದಿಲ್ಲ ಚಿಗವ್ವ."

ಮರುವಾರ ಶಿರಹಟ್ಟಿ. ಅಲ್ಲಿಗೆ ಬರುವಷ್ಟರಲ್ಲಿ 'ಒಬ್ಬ ಮನುಷ್ಯ' ಹೋಗಿ 'ಮೋಟಾರ್ ರಿಪೇರಿ ಮಾಡುವ ಒಬ್ಬ ಮನುಷ್ಯ' ಆಗಿದ್ದ. ದೇವಪುತ್ರನದು ಬೆಟಗೇರಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಯಳವತ್ತಿ, ಬಾಳೆಹೊಸೂರಿನ ರೈತರೆಲ್ಲ ಸುಟ್ಟ ಮೋಟಾರುಗಳನ್ನು ಅವನಲ್ಲಿಗೇ ತರುತ್ತಿದ್ದರು.

ಕೂಟ ಮುಗಿದ ಮೇಲೆ ಒಬ್ಬ ಮುದುಕ ಅವನ ಹೆಗಲ ಮೇಲೆ ಕೈ ಇಟ್ಟ. "ನಿಂದೂ ಮೋಟಾರ ಕೆಲಸಾನ ಅಂತಲ್ಲೋ ತಮ್ಮಾ. ಅಂಥಾ ನೀಚರು ಇರ್ತಾರ ನಿಮ್ಮೊಳಗ. ಸಂಗ ಮಾಡಬ್ಯಾಡ."

"ಆತ್ರಿ ಅಜ್ಜಾರ," ಎಂದ ದೇವಪುತ್ರ.

ಸುಗುಣಾ ಅದನ್ನು ಕೇಳಿಸಿಕೊಂಡಳು. ನಗು ಬಂತು. 'ಇನ್ನೂ ಸ್ವಲ್ಪ ಬೇಯಲಿ...' ಎಂದಿತು ಅವಳ ಮನಸ್ಸು. ಆ ದಿನವೂ ದಿನಚರಿಯಲ್ಲಿ ಅಹಂಕಾರ ಇಳಿಯಿತು.

ಮುಂಡರಗಿಯಲ್ಲಿ ಅವಳು ಮಾತಿನ ನಡುವೆ ತಡೆದು ನಿಂತಳು. ಹೀಗೆ ತಡೆಯುವುದನ್ನು ಶನಿವಾರ ಕನ್ನಡಿಯ ಮುಂದೆ ಎರಡು ಸಲ ರೂಢಿ ಮಾಡಿಕೊಂಡಿದ್ದಳು.

"ಆ ಮನುಷ್ಯ ಇವತ್ತು ಇಲ್ಲಿಯೇ ಇದ್ದಾನೆ. ದೇವಪುತ್ರ... ಎದ್ದು ನಿಲ್ಲು. ನಾನು ನಿನ್ನನ್ನು ಕ್ಷಮಿಸಿದ್ದೇನೆ."

ಅವನು ಎದ್ದು ನಿಂತ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಹೊಟ್ಟೆಯ ಮೇಲೆ ಕಟ್ಟಿಕೊಂಡ.

"ಇತ್ಲಾಗ ತಿರುಗೋ, ಮಾರಿ ನೋಡ್ತೀವಿ," ಎಂದಳು ಮುಂದಿನ ಸಾಲಿನ ಒಬ್ಬ ಮುದುಕಿ. ಅವನು ತಿರುಗಿದ. "ನೋಡಾಕ ಕುರಿ ಇದ್ದಂಗ ಅದಾನ," ಎಂದಳು ಪಕ್ಕದವಳು.

ಸುಗುಣಾಳ ಎದೆಯೊಳಗೆ ಹಬ್ಬ. ಅದನ್ನು ಅವಳು ಪವಿತ್ರಾತ್ಮನ ಸಂತೋಷ ಎಂದುಕೊಂಡಳು.

ದಾರಿಯಲ್ಲಿ, ಕಪ್ಪತಗುಡ್ಡದ ಗಾಳಿಯಂತ್ರಗಳು ಕಾಣುವಲ್ಲಿ, ದೇವಪುತ್ರ ಗಾಡಿ ನಿಲ್ಲಿಸಿದ.

"ಇನ್ನ ಬೆಟಗೇರಿ ಒಂದ ಉಳದೈತಿ. ಅಲ್ಲಿ ನನ್ನ ಅವ್ವ ಇರ್ತಾಳ. ಅಕಿ ಮುಂದ ಎಬ್ಬಿಸಿ ನಿಂದರಸಬ್ಯಾಡ. ಬ್ಯಾರೆ ಏನರ ಹೇಳಕೊ."

"ಅವ್ವನ ನೆನಪು ಈಗ ಬಂತೇನು? ನನ್ನ ಅವ್ವ ಉಂಗುರ ಹಿಡಕೊಂಡು ಕುಂತಾಗ ಬರಲಿಲ್ಲ?"

"ಮತ್ತೇನು, ದೇವರ ಸಂಗಾಟ ಜಗಳಾ ತಗೀಲೇನು? ನಿನಗ ಕರೆ ಐತಿ ಅಂತ ನೀನ ಬರದಿದ್ದಿ."

"ನಾನು? ಯಾವಾಗ?"

ಅವನು ಫೋನು ತೆಗೆದು ಅವಳ ಕೈಗಿಟ್ಟ. ಅವನ ಪ್ರಶ್ನೆ ಇತ್ತು. 'ನಾಳೆ ನಿಶ್ಚಯ. ಮನಸ್ಸಿನಿಂದ ಹೂಂ ಅಂದಿಯೋ, ಬ್ಯಾರೆ ಏನರ ಐತೋ?' ಕೆಳಗೆ ಅವಳ ಉತ್ತರ.

'ಕರೆ ಐತಿ. ಮತ್ತ ಕೇಳಬ್ಯಾಡ.'

ಸುಗುಣಾ ಅದನ್ನು ಎರಡು ಸಲ ಓದಿದಳು.

ಅವತ್ತು ಅವಳು ಒಬ್ಬನ ಗಾಯ ಕಟ್ಟುತ್ತಿದ್ದಳು. ಕೈತುಂಬ ಗ್ಲೌಸು. ಆಯಾ ಮೆಹಬೂಬಿ ಫೋನನ್ನು ಬಾಯಿಯ ಹತ್ತಿರ ಹಿಡಿದಿದ್ದಳು. ಸುಗುಣಾ ನಾಚಿಕೊಂಡೇ ಉತ್ತರ ಹೇಳಿದ್ದಳು, ಫೋನು ತಾನೇ ಬರೆದು ಕಳಿಸಿತ್ತು; ಏನು ಬರೆಯಿತೆಂದು ಅವಳು ತಿರುಗಿ ನೋಡಿರಲಿಲ್ಲ. ಅವಳು ಹೇಳಿದ ಖಕಾರದ ಉಸಿರು ಅದಕ್ಕೆ ಕೇಳಿಸಿರಲಿಲ್ಲ.

"ನಾ ಅಂದಿದ್ದು... ಖರೆ ಐತಿ ಅಂತ."

"ಖರೆ?"

"ಖರೆ. ನನ್ನ ಮನಸ್ಸು ಖರೆ ಐತಿ, ಮತ್ತ ಮತ್ತ ಕೇಳಬ್ಯಾಡ ಅಂತ."

ಯಳವತ್ತಿಯ ರೈತನೊಬ್ಬ ಇದನ್ನು ಓದಿದ್ದರೆ 'ಖರೆ' ಎಂದೇ ತಿಳಿದು, ಫೋನಿಗೆ ಎರಡು ಬೈದು ಉಂಗುರ ತೊಡಿಸುತ್ತಿದ್ದ. ಆದರೆ ಮೂರು ತಲೆಮಾರು ಚರ್ಚಿನ ಬೆಂಚು ಸವೆಸಿದ ಮನೆಯ ಮಗನಿಗೆ ಆ ಶಬ್ದಕ್ಕೆ ಇದ್ದದ್ದು ಒಂದೇ ಅರ್ಥ, ದೇವರ ಕರೆ. ಹಿಂದಿನ ಭಾನುವಾರವಷ್ಟೇ ಯಾರೋ ಬೋಧಕರು 'ವಿದೇಶ ಸೇವೆಗೆ ಯಾರಿಗೆ ಕರೆ ಇದೆ?' ಎಂದಾಗ ಉಳಿದವರೊಂದಿಗೆ ಅವಳೂ ಕೈ ಎತ್ತಿದ್ದನ್ನು ಅವನು ನೋಡಿದ್ದ. ದೇವರು ಕರೆದ ಮೇಲೆ ಮನುಷ್ಯ ಬದಿಗೆ ಸರಿಯಬೇಕು. ಕೇಳಬೇಡ ಎಂದ ಮೇಲೆ ಕೇಳಬಾರದು.

"ಹಂಗಿದ್ರ ನಿನಗ ಮನಸ್ಸಿಲ್ಲ ಅಂತ ಹಿರಿಯರಿಗೆ ಯಾಕ ಹೇಳಿದಿ?"

"ನಿನ್ನ ಕರೆ ಅಂದಿದ್ರ ನಿಮ್ಮವ್ವ ನಿನ್ನ ಬಿಡತಿದ್ದಿಲ್ಲ. ನನ್ನ ನಾಕು ಮಂದಿ ಬೈದರ ಮುಗೀತು ಅನಕೊಂಡೆ..."

"ಮುಂಡರಗಿಯಾಗ ಯಾಕ ಎದ್ದು ನಿಂತಿ?"

"ನೀ ನಿಂದರು ಅಂದಿ."

ಅದನ್ನು ಕೇಳಿ ಸುಗುಣಾಳಿಗೆ ಅಳುವೂ ಬರಲಿಲ್ಲ. ಹಿಂದಿನಿಂದ ಎಸ್ತರವ್ವನ ದನಿ ಬಂತು. "ಒಂದ ಫೋನ ಹಚ್ಚಿ ಮಾತಾಡಾಕ ಏನಾಗಿತ್ತು ನಿಮಗ? ಇಬ್ಬರೂ ಕೂಡಿ ದೇವರ ಹೆಸರು ಕೆಡಸಿದ್ರಿ."

ಆ ದಿನದ ದಿನಚರಿಯಲ್ಲಿ ಎರಡೇ ವಾಕ್ಯ. 'ನಾನು ಕ್ಷಮಿಸುತ್ತಿರಲಿಲ್ಲ. ಹೊಡೆಯುತ್ತಿದ್ದೆ.'

ಓದಿದ ಅಯ್ಯನವರು ಕನ್ನಡಕ ತೆಗೆದರು. "ಇದು ನಮ್ಮೊಳಗ ಇರ್ಲಿ. ಬೆಟಗೇರಿಯಾಗ ಹಳೇ ಸಾಕ್ಷಿನ ಹೇಳಿಬಿಡವಾ. ಸಮಿತಿಯವರಿಗೆ ಛಲೋ ಹತ್ತತೈತಿ ಅದು. ನಿನಗ ಹೋಗೂ ಮನಸ್ಸೈತಿಲ್ಲೋ?"

ಮನಸ್ಸಿತ್ತು. ಈಗಲೇ ನಿಜವಾಗಿ ಇತ್ತು. ತನ್ನನ್ನು ಯಾರೂ ಅರಿಯದ ಊರಿನಲ್ಲಿ, ಯಾರ ಕಣ್ಣೀರೂ ಗಳಿಸದೆ, ಸುಮ್ಮನೆ ಗಾಯ ಕಟ್ಟುವ ಆಸೆ. ಕ್ರೂರ ಸಂಗತಿ ಅದೇ. ಆಸೆ ಶುದ್ಧವಾದ ವಾರವೇ ಅದನ್ನು ಕಳೆದುಕೊಳ್ಳುವ ದಾರಿಯೂ ಕಂಡಿತು.

ಬೆಟಗೇರಿಯ ಚರ್ಚು ತುಂಬಿತ್ತು. ಸುಗುಣಾ ನಿಂತು ಎಲ್ಲವನ್ನೂ ಹೇಳಿದಳು. ಫೋನು, ಕನ್ನಡಿ, ಎದೆಯೊಳಗಿನ ಹಬ್ಬ, ಒಂದನ್ನೂ ಬಿಡಲಿಲ್ಲ.

ಸಮಿತಿಯ ಅಧ್ಯಕ್ಷರು ಪೆನ್ನಿನ ಮುಚ್ಚಳ ಹಾಕಿದರು. "ಹಾಗಾದರೆ ನಿಮಗೆ ಕರೆ ಬಂದದ್ದು ಫೋನಿನಿಂದ?"

ಚರ್ಚು ನಕ್ಕಿತು. ನಗು ನಿಲ್ಲುವತನಕ ಅವಳು ಕಾದಳು.

"ಇರಬಹುದು ಸರ್. ನಾನು ಕೇಳಿಸಿಕೊಂಡದ್ದು ಮಾತ್ರ ಈ ವಾರ."

ಬಳಿಕ ದೇವಪುತ್ರನ ತಾಯಿ ಸಲೋಮವ್ವನ ಮುಂದೆ ಹೋಗಿ ಕೈಮುಗಿದಳು. "ತಪ್ಪಾತ್ರಿ ಅತ್ತಿ."

"ಮೂರು ಊರಾಗ ಮಾನ ತಗದು ಇಲ್ಲಿ ಬಂದು ಮಾಫಿ ಕೇಳಿದಿ. ಮ್ಯಾಲ ನನಗ ಅತ್ತಿ ಬ್ಯಾರೆ ಅಂತೀ," ಎಂದು ಸಲೋಮವ್ವ ಎದ್ದು ಹೊರಟಳು.

ಹತ್ತು ದಿನಕ್ಕೆ ಪತ್ರ ಬಂತು. ಈ ವರ್ಷ ಮಲಾವಿಗೆ ಬೇರೊಬ್ಬಳು. ಸುಗುಣಾ ಬೇಕಾದರೆ ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬಹುದು.

ಪತ್ರ ಹಿಡಿದುಕೊಂಡೇ ಅವಳು ಅಂಗಡಿಗೆ ಹೋದಳು. ದೇವಪುತ್ರ ಹಿರೇಹಂದಿಗೋಳದ ಯಾರದೋ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದ.

"ಆದಿತ್ಯವಾರ ಲಕ್ಷ್ಮೇಶ್ವರಕ್ಕ ಹೋಗ್ತೀನಿ. ಆಮ್ಯಾಲೆ ಶಿರಹಟ್ಟಿ, ಮುಂಡರಗಿ. ಹೇಳಿದ್ದು ವಾಪಸ್ ತಗೋಬೇಕು."

"ಜನ ನಗತಾರ."

"ನಗಲಿ. ನನ್ನ ಸಲುವಾಗಿ ಅತ್ತದ್ದು ಸಾಕು."

"ನಾ ಬರ್ಲೇನು?"

"ಬಾ." ಅವಳು ಸ್ಟೂಲು ಎಳೆದುಕೊಂಡು ಕುಳಿತಳು. "ಆದರ ಮುಂದಿನ ವರ್ಷ ನಾ ಮತ್ತ ಅರ್ಜಿ ಹಾಕ್ತೀನಿ. ಅದನ್ನ ಮಾತ್ರ ಬಿಡೂದಿಲ್ಲ."

"ಬಿಡಬ್ಯಾಡ. ಅಲ್ಲಿ ಆಸ್ಪತ್ರಿಯಾಗ ಜನರೇಟರ ಕೆಟ್ಟರ ಮಾಡೂವ್ರು ಇಲ್ಲಂತ. ಅಯ್ಯನೋರ್ನ ಕೇಳೀನಿ." ಅವನು ತಂತಿ ಕೆಳಗಿಟ್ಟ. ಕಿವಿ ಕೆಂಪಾಗಿತ್ತು. "ಗಂಡ ಹೆಂಡತಿ ಇದ್ದರ ಇಬ್ಬರನ್ನೂ ತಗೋತಾರಂತ. ಸುಗುಣಾ... ಲಗ್ನ ಆಗೂಣೇನು?"

ಈಗ ಅವಳಿಗೆ ಅಳು ಬಂತು. ತಡೆಯಲಿಲ್ಲ.

"ಆಗೂಣು. ಮೊದಲ ನಿಮ್ಮವ್ವನ ಮುಂದ ಹೋಗಿ ಕುಂಡ್ರತೀನಿ. ಬೈದು ಮುಗಸಲಿ."

"ಅಕಿ ಜಲ್ದಿ ಮುಗಸೂದಿಲ್ಲ."

"ಮುಗಿಯೂತನಾ ನೀ ನನ್ನ ಬಾಜೂಕ ಕುಂಡ್ರು."

"ಕುಂಡ್ರತೀನಿ," ಎಂದ ಅವನು. "ನಡುವ ಉಣ್ಣಾಕ ಹಾಕ್ತಾಳ ಅಕಿ. ಬ್ಯಾಡ ಅನಬ್ಯಾಡ."