ಹಸಿರು ಕಣ್ಣಿನ ರೇಡಿಯೊ

ಮಾರ್ಚ್ 11, ಬೆಳಿಗ್ಗೆ 10.20. ಕುಷಾಯಿಗೂಡದ ನಿವೃತ್ತ ಎಂಜಿನಿಯರ್ ಅಮರೇಶಪ್ಪ ಠಾಣೆಗೆ ಬಂದು ದೂರು ಕೊಟ್ಟರು. ಮದುವೆಗೆಂದು ರಾಯಚೂರಿಗೆ ಹೋಗಿ ಬರುವಷ್ಟರಲ್ಲಿ ಅವರ ಫ್ಲಾಟಿನಿಂದ ಸೋವಿಯತ್ ಕಾಲದ ರೇಡಿಯೊ ಕಳುವಾಗಿತ್ತು. ಟೇಪ್ ರೆಕಾರ್ಡರ್ ಕೂಡ ಅದೇ ಪೆಟ್ಟಿಗೆಯಲ್ಲಿತ್ತು. ಸರಿಯಾಗಿ ನಿದ್ದೆಯಿಲ್ಲದ ಎಸ್‌ಐ ಮಾನಸಾ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ಸಂಗಣ್ಣನೊಂದಿಗೆ ಸ್ಥಳಕ್ಕೆ ಹೊರಟರು.

ಬೀಗ ಒಡೆದಿರಲಿಲ್ಲ. ಕೋಣೆಯ ತುಂಬ ಹಳೆಯ ರೇಡಿಯೊ, ಮೀಟರು, ಹಿತ್ತಾಳೆಯ ಸ್ವಿಚ್ಚು.

“ಇವೆಲ್ಲ ನಡಿತಾವೇನ್ರಿ?” ಸಂಗಣ್ಣ ಅಮರೇಶಪ್ಪನವರನ್ನು ಕೇಳಿದ.

“ನಡಿತಾವ. ಹಚ್ಚಿ ಸ್ವಲ್ಪ ಕಾಯಬೇಕು. ಒಳಗಿನ ವಾಲ್ವ್ ಬಿಸಿ ಆದ ಮ್ಯಾಲೆ ಮುಂದಿನ ಹಸಿರು ದೀಪ ಕಣ್ಣಿನಂಗ ತೆರಿತೈತಿ. ಕಳುವಾದದ್ದಕ್ಕ ಮೈಕೂ ಇತ್ತು, ಅದರ ಮುಂದ ಮಾತಾಡಿದ್ರ ಆ ಕಣ್ಣು ಕುಣಿತಿತ್ತು. ಈಗಿನ ಮಾಲಿಗೆ ಆ ಜೀವ ಎಲ್ಲಿಂದ ಬರಬೇಕ್ರಿ?”

“ನನ್ನ ಹೆಂಡ್ತಿ ಇಷ್ಟೆಲ್ಲ ಇಡಾಕ ಬಿಡಂಗಿಲ್ರಿ.”

“ನನ್ನಾಕೀನೂ ಬಿಟ್ಟಿಲ್ಲ. ಮಗಳ ಮನ್ಯಾಗ ಅದಾಳ.”

ಪಂಚನಾಮೆ ಬರೆಸುವಾಗ ಮಾನಸಾ ಒಂದನ್ನು ಗಮನಿಸಿದರು. ಕಳ್ಳರು ಮೈಕನ್ನೂ ಒಯ್ದಿದ್ದರು. ಪಕ್ಕದಲ್ಲೇ ಇದ್ದ ಟೇಪುಗಳನ್ನು ಮುಟ್ಟಿರಲಿಲ್ಲ.

ಊರಿಗೆ ಹೋಗುವಾಗ ಅಮರೇಶಪ್ಪ ಕೀಲಿ ಕೊಟ್ಟುಹೋಗಿದ್ದ ವಾಚ್‌ಮನ್ ಹಂಪಯ್ಯನನ್ನು ಕರೆಸಿದರು.

“ಕೀಲಿ ಎಲ್ಲಿತ್ತು?”

“ನನ್ನ ಖೋಲ್ಯಾಗ, ಮೊಳಿಗೆ ಹಾಕಿದ್ನಿ. ಖೋಲಿ ಬಾಗಿಲು ತೆರದ ಇರತೈತ್ರಿ.”

“ನೀನೇ ಒಯ್ದಿ ಅಂತಾರ.”

“ಮೇಡಮ್ಮಾರ, ಅದು ಅರ್ಧ ಚೀಲ ಸಿಮೆಂಟಿನಷ್ಟು ಭಾರ. ಮೊದಲ ನನ್ನ ಸೊಂಟ ನೋಡ್ರಿ.”

ಗೇಟಿನ ಕ್ಯಾಮೆರಾದಲ್ಲಿ ಅಂಥ ಪೆಟ್ಟಿಗೆ ಹೊರಹೋದದ್ದು ಕಾಣಲಿಲ್ಲ. ಅಂದರೆ ಅದು ಕಟ್ಟಡದಲ್ಲೇ ಇದೆ. ಟೇಪು ಬಿಟ್ಟು ಮೈಕು ಒಯ್ದವರಿಗೆ ಹಾಡು, ಮಾತು ಯಾವುದನ್ನೂ ಕಿವಿಯಿಂದ ಕೇಳುವುದು ಬೇಕಿರಲಿಲ್ಲ. ಮೈಕಿನ ಮುಂದೆ ದನಿ ತೆಗೆದು ಆ ಕಣ್ಣು ಕುಣಿಯುವುದನ್ನು ನೋಡಿದರೆ ಸಾಕಾಗಿತ್ತು.

“ಇಲ್ಲಿ ಕಿವಿ ಕೇಳದವರು ಯಾರಾದ್ರೂ ಅದಾರೇನು?”

ಹಂಪಯ್ಯ ನೆಲ ನೋಡಿದ. “ಮ್ಯಾಲೆ ಬ್ಯಾಂಕಿನಾಗಿರೊ ಶಾಂತಕುಮಾರ ಸಾಹೇಬರ ಮಗ ವೈಭವ. ಐದು ವರ್ಷದವ. ಹುಟ್ಟಿದಾಗಿಂದ ಕೇಳಂಗಿಲ್ರಿ.”

ಸಂಜೆ 5.10. ಮೂರನೆಯ ಮಹಡಿಯ ಬಾಗಿಲಾಚೆ ಒಂದೇ ಸ್ವರ ಮತ್ತೆ ಮತ್ತೆ ಕೇಳುತ್ತಿತ್ತು. ಶಾಂತಕುಮಾರ ಬಾಗಿಲು ತೆರೆದ. ಪೊಲೀಸರ ಹಿಂದೆ ಅಮರೇಶಪ್ಪನವರನ್ನು ಕಂಡು, “ಹುಡುಕೂದು ಬ್ಯಾಡ್ರಿ, ಒಳಗೈತಿ” ಎಂದ.

ಹುಡುಗ ಮೈಕಿಗೆ ಬಾಯಿ ಹಚ್ಚಿ “ಆ” ಎನ್ನುತ್ತಿದ್ದ. ಪ್ರತಿ ಸಲವೂ ಹಸಿರು ಕಣ್ಣು ಕಿರಿದಾಗುತ್ತಿತ್ತು. ಅವನು ನಗುತ್ತಿದ್ದ.

“ಕೇಳಿದ್ರ ಕೊಡ್ತಿದ್ದಿಲ್ಲೇನಪಾ?” ಅಮರೇಶಪ್ಪ ಅಂದರು.

“ಮೂರು ಸಲ ಕೇಳಿದ್ನಿ. ನನ್ನ ಮನಿ ಬಾಲವಾಡಿ ಅಲ್ಲ ಅಂದ್ರಿ.”



“ಮೊಬೈಲಿನಾಗೂ ದನಿಗೆ ಕುಣಿಯೋ ಇಂಥಾವು ಬರ್ತಾವಲ್ಲ?” ಮಾನಸಾ ಕೇಳಿದರು.

“ಎಲ್ಲಾ ತೋರಿಸಿದ್ನಿ ಮೇಡಂ. ಬೆರಳಿಲೆ ಒತ್ತಿಕೋತ ಕುಂದರತಾನ, ಬಾಯಿ ಬಿಡಂಗಿಲ್ಲ. ಇದರ ಮುಂದ ಬೆರಳಿನ ಆಟ ನಡಿಯಂಗಿಲ್ಲ. ದನಿ ಕೊಟ್ರಷ್ಟ ಅಲುಗಾಡತೈತಿ. ನಿನ್ನೆ ಮೊದಲನೇ ಸಲ ತಾನಾಗೇ ದನಿ ತೆಗೆದ.”

ದೂರು ಹಿಂತೆಗೆದುಕೊಳ್ಳಬಹುದೇ ಎಂದು ಅಮರೇಶಪ್ಪ ತಗ್ಗಿದ ದನಿಯಲ್ಲಿ ಕೇಳಿದರು. ಎಫ್‌ಐಆರ್ ಆಗಿದೆ, ಇನ್ನು ಕೋರ್ಟಿನಲ್ಲೇ ಹೇಳಿಕೊಳ್ಳಬೇಕು ಎಂದು ಮಾನಸಾ ಹೇಳಿದರು. ಇಂಥ ಮಾತನ್ನು ಎಷ್ಟೋ ಮನೆಗಳಲ್ಲಿ ಹೇಳಿ ಅವರಿಗೆ ಬೇಸರವಾಗಿತ್ತು.

5.40ಕ್ಕೆ ರೇಡಿಯೊ ಜಪ್ತಿ, ಶಾಂತಕುಮಾರನ ಬಂಧನ. ಸಂಗಣ್ಣ ಪ್ಲಗ್ ಕಿತ್ತ. ಕಣ್ಣು ತಟ್ಟನೆ ಆರಲಿಲ್ಲ, ಮಂಕಾಗುತ್ತ ಹೋಯಿತು. ತಾಯಿ ಶಿವದೇವಿ ಹಿಡಿದುಕೊಂಡರೂ ಕೊಸರಿಕೊಂಡು ಹುಡುಗ ಅದರ ಕಡೆಗೆ ಕೂಗತೊಡಗಿದ. ಬೆಳಕು ಹೋದ ಮೇಲೂ ಕೂಗಿದ.

ಆ ದನಿ ಮೆಟ್ಟಿಲುಗಳ ಮೇಲೂ ಹಿಂಬಾಲಿಸಿತು. ಎರಡನೆಯ ಮಹಡಿಯಲ್ಲಿ ಶಾಂತಕುಮಾರ ನಿಂತ.

“ಇಷ್ಟು ಜೋರಾಗಿ ಅವ ಎಂದೂ ಕೂಗಿದ್ದಿಲ್ಲ ಮೇಡಂ.”

ನಡೆ ಎಂದು ಮಾನಸಾ ಹೇಳಲಿಲ್ಲ. ಅವರೂ ನಿಂತರು.